ಬೆಳ್ಳಿ ನಾಣ್ಯದೊಳಗಿನ ಹಡಗು

ಹೋದ ತಿಂಗಳು ತುಮಕೂರಿನ ಬಟವಾಡಿ ಸರ್ಕಲ್ಲಿನಲ್ಲಿ ಒಂದು ಫ್ಲೆಕ್ಸ್ ಕಟ್ಟಿದ್ದರು. ಫ್ಲೆಕ್ಸಿನ ತುಂಬ ಸಮುದ್ರ, ಸಮುದ್ರದ ಮೇಲೆ ಯಾವ ದೇಶದ್ದೋ ಹಡಗು, ಹಡಗಿನ ಮೂಲೆಯಲ್ಲಿ ನಾನು ಅಕ್ಕ ಎನ್ನುತ್ತಿದ್ದವರ ಪಾಸ್‌ಪೋರ್ಟ್ ಸೈಜಿನ ಮುಖ. ಕೆಳಗೆ ದಪ್ಪ ಅಕ್ಷರದಲ್ಲಿ 'ವೀರಯೋಧನ ಧರ್ಮಪತ್ನಿ ಇನ್ನಿಲ್ಲ' ಎಂದಿತ್ತು. ಅದರ ಕೆಳಗೆ ಫ್ಲೆಕ್ಸ್ ಕಟ್ಟಿಸಿದವರ ಮುಖಗಳು, ಸತ್ತವರ ಮುಖಕ್ಕಿಂತ ದೊಡ್ಡವು. ಕುಣಿಗಲ್ ತಾಲ್ಲೂಕಿನ ಅರ್ಧ ಮಕ್ಕಳಿಗೆ ಲೆಕ್ಕ ಕಲಿಸಿದ ಹೆಂಗಸು ಅವರು. ಅದರ ಬಗ್ಗೆ ಒಂದಕ್ಷರವಿಲ್ಲ. ಆಟೋ ಸಿಗದೆ ಬಿಸಿಲಲ್ಲಿ ನಿಂತಿದ್ದ ನನಗೆ ಮೊದಲು ಕೋಪ ಬಂತು. ಆಮೇಲೆ ಕೋಪ ಮಾಡಿಕೊಳ್ಳುವುದಕ್ಕೂ ಸುಸ್ತು ಅನ್ನಿಸಿ ಸುಮ್ಮನಾದೆ.

ಗುಬ್ಬಿ ಹತ್ತಿರ, ಗಂಡನ ಮನೆಯವರ ತೆಂಗಿನ ತೋಟದಲ್ಲಿ ಅವರನ್ನು ಮಣ್ಣು ಮಾಡಿದರು. ನಮ್ಮಲ್ಲಿ ಸುಡುವುದಿಲ್ಲ. ಸತ್ತವರನ್ನು ಕೂರಿಸಿ, ಬದುಕಿರುವಾಗ ಎದೆ ಮೇಲಿದ್ದ ಲಿಂಗವನ್ನು ಎಡ ಅಂಗೈಯಲ್ಲಿಟ್ಟು, ವಿಭೂತಿ ತುಂಬಿ ಮಣ್ಣೆಳೆಯುತ್ತಾರೆ. ಅಕ್ಕನ ಗುಂಡಿಯ ಪಕ್ಕದಲ್ಲೇ ಮೊಣಕಾಲೆತ್ತರದ ಇನ್ನೊಂದು ಸಮಾಧಿ ಇತ್ತು. ಮೊಬೈಲಿನಲ್ಲಿ ಸುದ್ದಿ ಮಾಡುವವರೊಬ್ಬರು ಅದನ್ನು ವಿಡಿಯೋ ಮಾಡಿಕೊಳ್ಳುತ್ತಾ, ಇದು ಅವರ ಯಜಮಾನರದಾ, ಬಾಡಿ ಸಿಕ್ಕಿತ್ತಾ ಎಂದು ನನ್ನನ್ನು ಕೇಳಿದರು. ಸಿಕ್ಕಿರಲಿಲ್ಲ ಎಂದೆ. ಹಾಗಾದರೆ ಇದರೊಳಗೆ ಏನಿದೆ ಎಂದರು. ಅಷ್ಟು ಹೊತ್ತಿಗೆ ಯಾರೋ ಎಳನೀರು ಕೊಡುತ್ತಿದ್ದರು, ಅವರು ಆ ಕಡೆ ಹೋದರು. ಒಳ್ಳೆಯದೇ ಆಯಿತು. ನಿಂತ ನಿಲುವಿನಲ್ಲಿ ಹೇಳಿ ಮುಗಿಸುವಂಥದ್ದಲ್ಲ ಅದು.

ನಾನು ಟೀಚರ್ ಕೆಲಸಕ್ಕೆ ಸೇರಿ ಕುಣಿಗಲ್ಲಿಗೆ ಬಂದಾಗ ಮನೆ ಸಿಕ್ಕಿರಲಿಲ್ಲ. ಅದೇ ಶಾಲೆಯಲ್ಲಿ ನನಗಿಂತ ಮುಂಚಿನಿಂದ ಇದ್ದ ಅಕ್ಕ ತಮ್ಮ ಬಾಡಿಗೆ ಮನೆಯ ಮುಂದಿನ ರೂಮಿನಲ್ಲಿ ಇರು ಎಂದರು. ಒಂದು ತಿಂಗಳಿಗೆಂದು ಹೋದವಳು ಮದುವೆಯಾಗುವವರೆಗೂ ಅಲ್ಲೇ ಇದ್ದೆ. ಅವರ ತವರು ಹುಲಿಯೂರುದುರ್ಗ. ಬೆಟ್ಟದ ಕೆಳಗೆ ಹುಟ್ಟಿದವರಿಗೆ ಇರುವ ಒಂದು ಥರದ ಗಟ್ಟಿ ನಡಿಗೆ ಅವರಿಗಿತ್ತು. ಕಾಫಿಯನ್ನು ಲೋಟದಿಂದ ಬಟ್ಟಲಿಗೆ ಬಗ್ಗಿಸಿಕೊಂಡೇ ಕುಡಿಯುವರು. ಕನ್ನಡಕವನ್ನು ಸೆರಗಿನಲ್ಲಿ ಒರೆಸಿ ಒರೆಸಿ ಅದರ ಗಾಜೆಲ್ಲ ಗೀರುಬಿದ್ದಿತ್ತು. ಲೆಕ್ಕ ತಪ್ಪು ಮಾಡಿದ ಮಕ್ಕಳನ್ನು ಹೊಡೆಯುತ್ತಿರಲಿಲ್ಲ; ಸ್ಲೇಟು ಕೈಗೆ ತೆಗೆದುಕೊಂಡು, ಉಸ್ಸಪ್ಪಾ ಎಂದು ಕುರ್ಚಿಯಲ್ಲಿ ಕೂತುಬಿಡುವರು. ಆ ಉಸ್ಸಪ್ಪನಿಗೆ ಮಕ್ಕಳು ಬೆತ್ತಕ್ಕಿಂತ ಹೆಚ್ಚು ಹೆದರುತ್ತಿದ್ದವು.

ಅವರ ಯಜಮಾನರು ನೌಕಾಪಡೆಯಲ್ಲಿದ್ದರು, ಹಡಗಿನ ಎಂಜಿನ್ ರೂಮಿನಲ್ಲಿ ಕೆಲಸ. ಎಪ್ಪತ್ತೊಂದರ ಯುದ್ಧದಲ್ಲಿ ಆ ಹಡಗು ಕಡಲಲ್ಲಿ ಮುಳುಗಿತು. ತೇಲಿ ಬಂದವರಲ್ಲಿ ಅವರಿರಲಿಲ್ಲ. ಅಕ್ಕನಿಗೆ ಆಗಿನ್ನೂ ಇಪ್ಪತ್ತು ತುಂಬಿರಲಿಲ್ಲ. ಆಮೇಲೆ ಅಪ್ಪನ ಹಟದಿಂದ ಟಿಸಿಹೆಚ್ ಓದಿ ಟೀಚರಾದರು. ಅಂದಿನಿಂದ ನಮ್ಮ ಜನ ಅವರನ್ನು ಬಿಟ್ಟವರಲ್ಲ. ಆಗಸ್ಟ್ ಹದಿನೈದು ಬಂತೋ, ಜನವರಿ ಇಪ್ಪತ್ತಾರು ಬಂತೋ, ಸ್ಟೇಜಿನ ಮೇಲೆ ಅವರಿಗೊಂದು ಕುರ್ಚಿ. ಶಾಲು, ಹಾರ, ಹಣ್ಣಿನ ಬುಟ್ಟಿ. ಭಾಷಣ ಮಾಡುವವರು ಗಂಟಲು ಬಿಗಿಹಿಡಿದು, ಸಾಗರದ ಅಲೆಗಳಲ್ಲಿ ಲೀನವಾದ ಎಂದೆಲ್ಲ ಹೇಳುವರು. ಈಜಕ್ಕೆ ಹೋಗಿದ್ರೇನೋ ಅನ್ನೋ ಥರ ಹೇಳ್ತಾನೆ ನೋಡು ಎಂದು ಅಕ್ಕ ನನ್ನ ಕಿವಿಯಲ್ಲಿ ಹೇಳಿ, ಮುಖ ಮಾತ್ರ ಗಂಭೀರವಾಗಿ ಇಟ್ಟುಕೊಂಡಿರುವರು. ಸೇಬು, ಮೂಸಂಬಿ ಸ್ಟಾಫ್‌ರೂಮಿಗೆ. ಶಾಲುಗಳೋ ಮನೆಯ ತುಂಬ. ಟೀವಿಗೊಂದು, ಮಿಕ್ಸಿಗೊಂದು, ಹೊಲಿಗೆ ಮಿಷನ್ನಿಗೊಂದು ಹೊದಿಸಿದ್ದರು. ಅವರ ಮನೆಯಲ್ಲಿ ಸನ್ಮಾನ ಆಗದ ವಸ್ತುವೇ ಇಲ್ಲ ಎಂದು ನಾನು ರೇಗಿಸುತ್ತಿದ್ದೆ.

ಒಂದು ಸಲ ಮಾತ್ರ, ಅಂಥದ್ದೇ ಒಂದು ಸಮಾರಂಭ ಮುಗಿಸಿ ಬಂದು ಹಾರ ತೆಗೆದು ಗೂಟಕ್ಕೆ ಹಾಕುತ್ತಾ ಅವರು ಒಂದು ಮಾತು ಹೇಳಿದರು.

"ಅವ್ರ ಜೊತೇಲಿ ನಾನಿದ್ದಿದ್ದು ಒಂದು ರಜಾ, ಇನ್ನೊಂದು ರಜಾ. ಅಷ್ಟೇ ಕಣೇ. ಅವತ್ತಿಂದ ಇವತ್ತಿನ ತನಕ ಹೆಂಡ್ತಿ ಆಗಿದೀನಿ. ಮೈಕೈಯೆಲ್ಲ ನೋವು."

ಸಮುದ್ರವನ್ನು ಅವರು ನೋಡಿರಲಿಲ್ಲ. ಶಾಲೆಯಿಂದ ಟೂರು ಹೋದಾಗ ಮಕ್ಕಳೆಲ್ಲ ಮರಳಲ್ಲಿ ಕಿರುಚಾಡುತ್ತಿದ್ದರೆ ಇವರು ಬಸ್ಸಿನೊಳಗೇ ಕೂತು, ಆ ಕಡೆಯ ಕಿಟಕಿ ಹಾಕಿಕೊಂಡು ಕಡ್ಲೇಕಾಯಿ ಬಿಡಿಸುತ್ತಿದ್ದರು. ನೋಡಬಾರದೆಂಬ ಶಪಥವೇನೂ ಇರಲಿಲ್ಲ. ನೋಡಿ ಏನ್ ಮಾಡ್ಲಿ ಎಂದಷ್ಟೇ ಹೇಳಿದರು.

ಬೆಳಿಗ್ಗೆ ಅವರ ಪೂಜೆ ಮಾತ್ರ ಬಹಳ ಹೊತ್ತು ಹಿಡಿಯುತ್ತಿತ್ತು. ನಾನೂ ಲಿಂಗ ಕಟ್ಟಿದವಳೇ. ಅಂಗೈಯಲ್ಲಿಟ್ಟು ನೀರು, ವಿಭೂತಿ, ಪತ್ರೆ ಎಂದು ಹತ್ತು ನಿಮಿಷದಲ್ಲಿ ಮುಗಿಸಿ ದೋಸೆ ಹೆಂಚಿನ ಮುಂದೆ ನಿಲ್ಲುವವಳು. ಒಂದು ದಿನ ಕಡ್ಡಿಪೆಟ್ಟಿಗೆ ಬೇಕೆಂದು ಒಳಗೆ ಹೋದಾಗ ನೋಡಿದೆ. ಅಕ್ಕ ತಮ್ಮ ಲಿಂಗವನ್ನು ಬೆಳ್ಳಿ ಕರಡಿಗೆಯಲ್ಲಿಟ್ಟು ಮುಚ್ಚಿ, ಕೊರಳಿಗೆ ಹಾಕಿಕೊಂಡು, ಆಮೇಲೆ ಒಂದು ಹಳೆಯ ಬಿಳಿ ವಸ್ತ್ರ ಬಿಚ್ಚಿ ಇನ್ನೊಂದು ಲಿಂಗವನ್ನು ಅಂಗೈ ಮೇಲೆ ತೆಗೆದುಕೊಂಡರು. ಒಬ್ಬರಿಗೆ ಎರಡು ಲಿಂಗ ಇರುವುದನ್ನು ನಾನು ಕೇಳಿರಲೂ ಇಲ್ಲ. ನನ್ನ ಮುಖ ನೋಡಿ, ಕೂತ್ಕೋ ಎಂದರು.

ಅದು ಅವರ ಗಂಡನದು. ಎರಡನೆಯ ರಜೆ ಮುಗಿಸಿ ಹೊರಡುವ ದಿನ ಅವರು ಹಿತ್ತಲಿಗೆ ಕರೆದು, ಕೊರಳಿಂದ ತೆಗೆದು ಇವರ ಕೈಗೆ ಕೊಟ್ಟಿದ್ದರಂತೆ. ಹಡಗಿನಲ್ಲಿ ಎಲ್ಲವನ್ನೂ ಮುಟ್ಟಬೇಕು, ಎಲ್ಲರ ಜೊತೆ ಎಲ್ಲವನ್ನೂ ತಿನ್ನಬೇಕು, ಇದನ್ನು ಅಲ್ಲಿಟ್ಟುಕೊಳ್ಳಲು ಮನಸ್ಸು ಒಪ್ಪುತ್ತಿಲ್ಲ, ಮುಂದಿನ ರಜೆಗೆ ಬರುವವರೆಗೆ ನೀನೇ ಪೂಜೆ ಮಾಡು, ಅವ್ವನಿಗೆ ಹೇಳಬೇಡ ಎಂದಿದ್ದರು. ಹುಟ್ಟಿದ ಮಗುವಿಗೆ ಕಟ್ಟಿದ ಲಿಂಗ ಸಾಯುವವರೆಗೂ ಮೈಬಿಡಬಾರದು ಎನ್ನುವ ಮನೆ ಅದು. ಸುದ್ದಿ ಬಂದ ಮೇಲೆ ಅತ್ತೆ ಇದನ್ನು ಸೊಸೆಯ ಪೆಟ್ಟಿಗೆಯಲ್ಲಿ ಕಂಡರು. ನನ್ನ ಮಗನ ಮೈ ಮೇಲಿದ್ದ ಕಾವಲನ್ನು ನೀನೇ ಕಿತ್ತುಕೊಂಡೆ ಎಂದು ಊರೆಲ್ಲ ಕೇಳುವ ಹಾಗೆ ಅತ್ತರು. ಅದರ ಬೆಳ್ಳಿ ಕರಡಿಗೆಯನ್ನು ತೆಗೆದು, ಮುಂದೆ ಕಿರಿಯ ಮಗನಿಗೆ ಗಂಡು ಹುಟ್ಟಿದಾಗ ಆ ಕೂಸಿಗೆ ಹಾಕಿದರು. ಲಿಂಗ ಮಾತ್ರ ವಸ್ತ್ರದಲ್ಲಿ ಇವರ ಹತ್ತಿರವೇ ಉಳಿಯಿತು.

ಇಷ್ಟೇ ಆಗಿದ್ದರೆ ಅದೊಂದು ದುಃಖ, ನಮ್ಮ ಎಲ್ಲರ ಮನೆಯಲ್ಲೂ ಇರುವಂಥದ್ದು. ಅಕ್ಕನ ಕಷ್ಟ ಬೇರೆ ಇತ್ತು. ತಾವು ಸತ್ತರೆ ತಮ್ಮ ಲಿಂಗ ತಮ್ಮ ಅಂಗೈಯಲ್ಲಿ ಹೋಗುತ್ತದೆ. ಇದರ ಗತಿ ಏನು? ಗುಬ್ಬಿಯ ಮನೆಯ ಪೂಜೆ, ಸಂಸ್ಕಾರ ಮಾಡಿಸುವ ಹಳೇ ಅಯ್ಯನವರನ್ನು ಕೇಳಿದ್ದರು. ಒಬ್ಬರ ಲಿಂಗ ಇನ್ನೊಬ್ಬರಿಗೆ ಕಟ್ಟುವ ಹಾಗಿಲ್ಲ, ದೇಹವಿಲ್ಲದೆ ಸಮಾಧಿ ಮಾಡುವ ಹಾಗಿಲ್ಲ, ಒಡೆಯನಿಲ್ಲದ ಲಿಂಗವನ್ನು ಹರಿಯುವ ನೀರಿಗೆ ಬಿಡುವುದೇ ರೂಢಿ ಎಂದು ಅವರು ಹೇಳಿದ್ದರು. ಅಕ್ಕ ಎದ್ದು ಬಂದುಬಿಟ್ಟಿದ್ದರು. ಅವರ ಮನಸ್ಸು ನನಗೆ ಹೇಳದೆಯೇ ತಿಳಿದಿತ್ತು. ಆದರೂ ಒಂದು ಸಲ ಬಾಯಿಬಿಟ್ಟೇ ಹೇಳಿದರು.

"ನೀರಿಗೆ ಕೊಟ್ಟಿದ್ದು ಸಾಲ್ದಾ? ಇದನ್ನ ಮಾತ್ರ ನಾನು ನೀರಿಗೆ ಬುಡಲ್ಲ."

ರಿಟೈರಾದ ಮೇಲೆ ಅವರು ತುಮಕೂರಿಗೆ ಬಂದು ಬಟವಾಡಿಯಲ್ಲಿ ಮನೆ ಮಾಡಿದರು. ನಾನೂ ನಾಲ್ಕು ಬೀದಿ ಆಚೆ ಇದ್ದೆ. ಅತ್ತೆ, ಮಾವ, ಮೈದುನ ಎಲ್ಲ ಒಬ್ಬೊಬ್ಬರಾಗಿ ಆ ತೋಟದಲ್ಲಿ ಮಣ್ಣಾದರು. ಅಕ್ಕನಿಗೆ ಹೃದಯದ ತೊಂದರೆ ಶುರುವಾಯಿತು, ಸ್ಟೆಂಟ್ ಹಾಕಿದರು. ಆಸ್ಪತ್ರೆಯಲ್ಲಿ ಮೈಮೇಲಿನದೆಲ್ಲ ತೆಗೆಯಿರಿ ಎಂದಾಗ ಎರಡು ಲಿಂಗವನ್ನೂ ನನ್ನ ಕೈಗೆ ಕೊಟ್ಟರು. ಒಳಗೆ ಹೋಗುವ ಮುಂಚೆ ತಮ್ಮ ಜೀವದ ವಿಷಯ ಒಂದೂ ಮಾತಾಡಲಿಲ್ಲ. ನನಗೇನಾದ್ರೂ ಆದ್ರೆ ಗುಬ್ಬಿಯೋರು ಅದನ್ನ ಹೊಳೆಗೆ ಹಾಕ್ತಾರೆ, ಬುಡಬೇಡ ಎಂದು ಸ್ಟ್ರೆಚರಿನ ಮೇಲಿಂದ ಹೇಳಿದರು. ಮನೆಗೆ ಬಂದ ಮೇಲೂ ಅದೇ ಚಿಂತೆ. ಕೂತು ಪೂಜೆ ಮಾಡಲು ಬೆನ್ನು ಕೇಳುತ್ತಿರಲಿಲ್ಲ. ಗೋಡೆಗೆ ಒರಗಿ, ನಡುವೆ ನಿಲ್ಲಿಸಿ, ಉಸಿರು ತೆಗೆದುಕೊಂಡು ಎರಡನ್ನೂ ಮುಗಿಸುವರು. ನೋಡಿದರೆ ನನಗೇ ಆಯಾಸವಾಗುತ್ತಿತ್ತು.

ಅಂಥ ಹೊತ್ತಿನಲ್ಲಿ ಆ ನಾಣ್ಯ ಬಂತು. ಯುದ್ಧಕ್ಕೆ ಐವತ್ತು ವರ್ಷವಾಯಿತೆಂದು ಮಾಜಿ ಸೈನಿಕರ ಸಂಘವೊಂದು ತುಮಕೂರಿನಲ್ಲಿ ಸಮಾರಂಭ ಮಾಡಿತು. ಆ ಕಡಲ ಯುದ್ಧದ ನೆನಪಿಗೆಂದು ಮಾಡಿಸಿದ ಬೆಳ್ಳಿ ನಾಣ್ಯವನ್ನು ಮಡಿದವರ ಮನೆಯವರಿಗೆ ಕೊಡುತ್ತಾರಂತೆ. ಅಕ್ಕ ಬರುವುದಿಲ್ಲ ಎಂದರು. ಇನ್ನೊಂದು ಶಾಲು ಇಡಕ್ಕೆ ಜಾಗ ಇಲ್ಲ ಎಂದರು. ನಾನೇ ಬಲವಂತ ಮಾಡಿ ಆಟೋ ಹತ್ತಿಸಿದೆ. ಶಾಲನ್ನೂ ಹೊದಿಸಿದರು, ಪೇಟವನ್ನೂ ಇಟ್ಟರು. ನೀಲಿ ಮಕಮಲ್ಲಿನ ಡಬ್ಬಿಯಲ್ಲಿ ನಾಣ್ಯ ಕೊಟ್ಟರು. ಮನೆಗೆ ಬಂದು, ಪೇಟವನ್ನು ಅಕ್ಕಿ ಡಬ್ಬದ ಮೇಲಿಟ್ಟು, ನನಗೆ ಕಾಫಿಗೆ ನೀರಿಡು ಎಂದು ಹೇಳಿ ಅವರು ಡಬ್ಬಿ ತೆಗೆದರು.

ಕಾಫಿ ತಂದಾಗ ಅವರು ಪೇಪರ್ ಓದುವ ಭೂತಗನ್ನಡಿ ಹಿಡಿದು ಕೂತಿದ್ದರು. ನಾಣ್ಯದ ಒಂದು ಕಡೆ ಲಂಗರು, ಸುತ್ತ ಅಕ್ಷರ. ಇನ್ನೊಂದು ಕಡೆ ಹಡಗು. ಚಿಕ್ಕದಾದರೂ ಬಲು ಚೆನ್ನಾಗಿ ಕೆತ್ತಿದ್ದರು. ಕಂಬ, ಬಾವುಟ, ಕೆಳಗೆ ಅಲೆಯ ಗೆರೆ ಎಲ್ಲ ಕಾಣುತ್ತಿತ್ತು. ಯಾವ ಫೋಟೋ ತೋರಿಸಿದರೂ, ಯಾವ ಭಾಷಣ ಕೇಳಿಸಿದರೂ ಕದಲದಿದ್ದ ಹೆಂಗಸು, ಉಗುರಿನ ತುದಿಯನ್ನು ಅಲೆಯ ಗೆರೆಯ ಕೆಳಗೆ ಇಟ್ಟು ನನ್ನನ್ನು ಹತ್ತಿರ ಕರೆದರು.

"ಎಂಜಿನ್ ಇರೋದು ಇಲ್ಲಿ, ನೀರಿನ ಗೆರೆಯಿಂದ ಕೆಳಗೆ. ಅವ್ರ ಡ್ಯೂಟಿ ಇಲ್ಲೇ ಅಂತೆ. ಮೇಲಕ್ಕೆ ಬರಕ್ಕೆ ಆಗಿಲ್ಲ. ಇದರೊಳಗೇ ಇದಾರೆ ಕಣೇ."

ಆ ಕಾಫಿ ಆರಿಹೋಯಿತು. ಇಬ್ಬರೂ ಕುಡಿಯಲಿಲ್ಲ.

ವಾರದೊಳಗೆ ನಾವು ಗುಬ್ಬಿಗೆ ಹೋದೆವು. ಅಯ್ಯನವರಿಗೆ ಆಗಲೇ ಬಹಳ ವಯಸ್ಸು, ಕಿವಿ ಮಂದ. ಅಕ್ಕ ಅವರ ಚಾಪೆಯ ಮುಂದೆ ನಾಣ್ಯ ಇಟ್ಟರು. ದೇಹ ಇಲ್ಲದೆ ಆಗುವುದಿಲ್ಲ ಎಂದಿದ್ದಿರಿ, ಅವರು ಈ ಹಡಗಿನೊಳಗೇ ಉಳಿದವರು, ಅವರಿಗೆ ಇದೇ ದೇಹ, ಲಿಂಗದ ಜೊತೆ ಇದನ್ನಿಟ್ಟು ಮಣ್ಣು ಮಾಡಿಕೊಡಿ ಎಂದು ಕೇಳಿದರು. ತರಗತಿಯಲ್ಲಿ ಲೆಕ್ಕ ಬಿಡಿಸಿದ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಹೇಳಿದರು. ಅಯ್ಯನವರು ನಾಣ್ಯವನ್ನು ಬಿಸಿಲಿಗೆ ಹಿಡಿದು, ಹೊರಳಿಸಿ, ಕಣ್ಣ ಹತ್ತಿರ ತಂದು ನೋಡಿದರು. ಟೀ ಬಂತು, ಕುಡಿದರು. ಕೊನೆಗೆ, ಆಯ್ತು ತಾಯಿ, ಮುಂದಿನ ಸೋಮವಾರ ಎಂದರು. ಬಸ್ಸಿನಲ್ಲಿ ವಾಪಸು ಬರುವಾಗ ಅಕ್ಕ ನನ್ನ ಭುಜಕ್ಕೆ ಒರಗಿ ನಿದ್ದೆ ಮಾಡಿದರು. ಬಸ್ಸಿನಲ್ಲಿ ಅವರು ನಿದ್ದೆ ಮಾಡಿದ್ದನ್ನು ನಾನು ಅವತ್ತೇ ನೋಡಿದ್ದು.

ಮೈದುನನ ಮಗನ ವಿಷಯ ಹೇಳಬೇಕು. ಹಿರೇಹಳ್ಳಿಯ ಫ್ಯಾಕ್ಟರಿಯೊಂದರಲ್ಲಿ ಸೂಪರ್‌ವೈಸರ್. ಒಳ್ಳೆಯವನು, ಆದರೆ ಅವನ ಒಳ್ಳೆಯತನಕ್ಕೆ ಸ್ವಲ್ಪ ಅವಸರ ಜಾಸ್ತಿ. ಗುಂಡಿ ತೆಗೆಸುವುದು, ಇಟ್ಟಿಗೆ ತರಿಸುವುದು ಎಲ್ಲ ತನ್ನದೇ ಜವಾಬ್ದಾರಿ ಎಂದು ಓಡಾಡಿದ. ಬುಧವಾರ ಬಟವಾಡಿಗೆ ಬಂದು, ನಾಣ್ಯ ಎರಡು ದಿನ ನನ್ನ ಹತ್ತಿರ ಇರಲಿ ದೊಡ್ಡಮ್ಮ ಎಂದ. ಹೆಂಡತಿ ಮಕ್ಕಳಿಗೆ ತೋರಿಸಲು ಇರಬೇಕೆಂದು ಅಕ್ಕ ಕೊಟ್ಟರು. ನಾನೂ ಅಲ್ಲೇ ಇದ್ದೆ. ಏನೂ ಅನ್ನಿಸಲಿಲ್ಲ.

ಭಾನುವಾರ ಸಾಯಂಕಾಲ ಅವನು ಮತ್ತೆ ಬಂದ. ಕೈಯಲ್ಲಿ ಪೇಪರ್ ಸುತ್ತಿದ ಪೊಟ್ಟಣ. ಬಿಚ್ಚಿ ಅಕ್ಕನ ಮುಂದಿಟ್ಟ. ಹೊಚ್ಚ ಹೊಸ ಬೆಳ್ಳಿ ಕರಡಿಗೆ, ಮೊಟ್ಟೆಯ ಹಾಗೆ ನುಣ್ಣಗೆ ಹೊಳೆಯುತ್ತಿತ್ತು. ಅಕ್ಕ ಅದನ್ನು ಮುಟ್ಟಲಿಲ್ಲ.

"ನಾಣ್ಯ ಎಲ್ಲಪ್ಪಾ?"

"ಇದೇ ದೊಡ್ಡಮ್ಮ. ದೊಡ್ಡಪ್ಪನ ಕರಡಿಗೆ ಹುಟ್ಟಿದಾಗಿಂದ ನನ್ನ ಎದೆ ಮೇಲೈತೆ. ಅವ್ರ ಲಿಂಗ ಬರೀ ಬಟ್ಟೇಲಿ ಹೋಗೋದು ಬ್ಯಾಡ ಅಂತ. ಅವ್ರ ಬೆಳ್ಳೀಲೇ ಮಾಡ್ಸಿದ್ರೆ ಚೆಂದ ಅಲ್ವಾ ಅಂತ, ಚಿಕ್ಕಪೇಟೆ ಆಚಾರಿ ಹತ್ರ ಕರಗಿಸ್ದೆ."

ನನಗೆ ತಲೆ ಕೆಟ್ಟಿತು. ಏನೇನು ಬೈದೆನೋ ನೆನಪಿಲ್ಲ. ಒಂದು ಮಾತು ಕೇಳಬಾರದಿತ್ತಾ, ಬೇರೆ ಬೆಳ್ಳಿ ಸಿಗಲಿಲ್ಲವಾ, ಅದರ ಮೇಲೆ ಏನಿತ್ತು ಎಂದು ಕಣ್ಣು ಬಿಟ್ಟು ನೋಡಿದ್ದೀಯಾ ಎಂದೆಲ್ಲ ಕೂಗಿದೆ. ಪಾಪ, ಅವನು ಬಾಗಿಲ ಹತ್ತಿರ ಹೋಗಿ ಗೋಡೆ ಕಡೆ ಮುಖ ಮಾಡಿಕೊಂಡು ಅತ್ತ. ನಲವತ್ತು ದಾಟಿದ ಗಂಡಸು. ಕೇಳದೆ ಮಾಡಿದ್ದು ಸರಿಯಲ್ಲ, ಆದರೆ ನಮ್ಮ ಜಾತಿಯ ಮನೆಗಳಲ್ಲಿ ಬೆಳೆದ ಯಾರಾದರೂ ಬೆಳ್ಳಿ ಕಂಡರೆ ಮೊದಲು ನೆನೆಯುವುದು ಕರಡಿಗೆಯನ್ನೇ. ನನಗೂ ಹೊಳೆಯಬಹುದಿತ್ತು ಎಂದು ಈಗ ಅನ್ನಿಸುತ್ತದೆ.

ಅಕ್ಕ ಕೊನೆಗೆ ಕೈ ಚಾಚಿದರು. ಕರಡಿಗೆಯ ಮೇಲೆ ಹೆಬ್ಬೆರಳು ಆಡಿಸಿ ಆಡಿಸಿ ಹುಡುಕಿದರು. ಒಂದು ಗೆರೆಯೂ ಉಳಿದಿರಲಿಲ್ಲ. ಆಮೇಲೆ ವಸ್ತ್ರದಿಂದ ಲಿಂಗ ತೆಗೆದು ಅದರೊಳಗೆ ಇಟ್ಟರು, ಮುಚ್ಚಳ ಸೇರಿಸಿದರು. ಸರಿಯಾಗಿ ಕೂತಿತು. ಅವನನ್ನು ಕರೆದು, ಊಟ ಮಾಡ್ಕೊಂಡ್ ಹೋಗು ಎಂದರು. ಅವನು ಉಂಡು ಹೋದ. ನಾಳೆ ಅಯ್ಯನವರು ಏನನ್ನುತ್ತಾರೋ ಎಂದು ನಾನು ಕೇಳಿದೆ. ಅಕ್ಕ ತಟ್ಟೆ ತೊಳೆಯಲು ಎದ್ದು ಹೋದರು.

ಸೋಮವಾರ ತೋಟದಲ್ಲಿ ಗುಂಡಿ ತೆಗೆದಿತ್ತು. ಅತ್ತೆಯ ಸಮಾಧಿಯ ಮಗ್ಗುಲಲ್ಲೇ, ಒಂದು ಮಗು ಕೂರುವಷ್ಟು. ವಿಭೂತಿ, ಬಿಲ್ವಪತ್ರೆ ಎಲ್ಲ ಅಣಿಯಾಗಿತ್ತು. ಅಯ್ಯನವರು ಕೈ ಚಾಚಿ, ಹಡಗು ಕೊಡು ತಾಯಿ ಎಂದರು. ಮೈದುನನ ಮಗ ತಲೆ ತಗ್ಗಿಸಿ ನಡೆದದ್ದನ್ನು ಹೇಳಿದ. ಅಯ್ಯನವರು ಕರಡಿಗೆಯನ್ನು ಅಂಗೈಯಲ್ಲಿ ಹಿಡಿದು ಹೊರಳಿಸಿ ನೋಡಿದರು. ಕೆಟ್ಟ ಮನುಷ್ಯರಲ್ಲ ಅವರು. ತಾವು ನಂಬಿದ್ದನ್ನು ಬಿಡಲಾರದವರು, ಅಷ್ಟೇ. ನಾನು ಒಪ್ಪಿದ್ದು ಆ ಹಡಗನ್ನು ನೋಡಿ, ಈಗ ಇದು ಬರೀ ಬೆಳ್ಳಿ, ದೇಹ ಅನ್ನಲು ಏನೂ ಉಳಿದಿಲ್ಲವಲ್ಲ ಎಂದರು. ಇಷ್ಟು ದೂರ ಬಂದಿದ್ದೀವಿ, ಶಿಂಷಾ ಹೊಳೆ ಹತ್ತಿರ ಇದೆ ಎಂದು ಹಿಂದಿನಿಂದ ಯಾರೋ ಹೇಳಿದರು.

ಅಕ್ಕ ಗುಂಡಿಯ ಅಂಚಿನಲ್ಲಿ ನೆಲದ ಮೇಲೆ ಕೂತಿದ್ದರು. ನಿಂತುಕೊಂಡು ವಾದ ಮಾಡುವ ಶಕ್ತಿ ಇರಲಿಲ್ಲ. ಕೂತಲ್ಲಿಂದಲೇ ಹೇಳಿದರು.

"ಹಡಗು ಕರಗೋಯ್ತು ಅಯ್ನೋರೆ. ಇಷ್ಟು ವರ್ಷ ಅದರೊಳಗೆ ಸಿಕ್ಕಾಕ್ಕೊಂಡಿದ್ರು. ಅದೇ ಇಲ್ಲ ಅಂದ್ಮೇಲೆ ಈಚೆಗೆ ಬಂದಿರ್ಬೇಕಲ್ಲ? ಬಂದೋರನ್ನ ಎಲ್ಲಿ ಕೂರಿಸ್ಲಿ ಹೇಳಿ. ನನಗಿನ್ನು ಆಗಲ್ಲ."

ಅಯ್ಯನವರು ಮುಖ ಒರೆಸಿಕೊಂಡರು. ಕರಡಿಗೆಗೆ ವಿಭೂತಿ ಹಚ್ಚಿದರು, ಪತ್ರೆ ಇಟ್ಟರು, ತಾವೇ ಬಗ್ಗಿ ಗುಂಡಿಯಲ್ಲಿ ಇಳಿಸಿದರು. ಆಮೇಲೆ ಮಂತ್ರದ ನಡುವೆ ನಿಲ್ಲಿಸಿ, ಇವರ ಹೆಸರು ಎಂದು ಕೇಳಿದರು.

ಮೈದುನನ ಮಗ ಹೇಳಲು ಬಾಯಿ ತೆರೆದ. ಅಕ್ಕ ಕೈ ಎತ್ತಿ ತಡೆದರು. ನಮ್ಮ ಕಡೆ ಅವರ ವಯಸ್ಸಿನ ಹೆಂಗಸರು ಗಂಡನ ಹೆಸರನ್ನು ಬಾಯಲ್ಲಿ ತರುವುದಿಲ್ಲ. ಎಷ್ಟೋ ವರ್ಷ ಒಂದೇ ಮನೆಯಲ್ಲಿದ್ದ ನಾನೂ ಅವರ ಬಾಯಿಂದ ಅದನ್ನು ಕೇಳಿರಲಿಲ್ಲ. ಅವತ್ತು ಹೇಳಿದರು, ಮೆಲ್ಲಗೆ. ಅಯ್ಯನವರಿಗೆ ಕೇಳಿಸಲಿಲ್ಲ, ಕಿವಿಯ ಹಿಂದೆ ಕೈಯಿಟ್ಟು ಮುಂದಕ್ಕೆ ಬಾಗಿದರು. ಅಕ್ಕ ಒಂದು ಸಲ ಉಸಿರು ತೆಗೆದುಕೊಂಡು, ಹೊಲದಲ್ಲಿರುವ ಗಂಡನನ್ನು ಊಟಕ್ಕೆ ಕರೆಯುವ ಹೆಂಗಸಿನ ಹಾಗೆ, ಗಟ್ಟಿಯಾಗಿ ಆ ಹೆಸರು ಕೂಗಿದರು.

ನಮ್ಮ ಕಡೆ ಊರಿಗೆ ನಾಲ್ಕು ಜನಕ್ಕೆ ಇರುವ ಹೆಸರು ಅದು. ಪಕ್ಕದ ತೋಟದಲ್ಲಿ ಕಾಯಿ ಕೆಡವುತ್ತಿದ್ದ ಯಾರೋ ಒಬ್ಬರು, ತಮ್ಮನ್ನೇ ಕರೆದರೆಂದುಕೊಂಡು, ಮರದ ಮೇಲಿಂದ "ಓ, ಬಂದೆ" ಎಂದರು.

ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡರು. ಆಮೇಲೆ ಸೆರಗು ಬಿಟ್ಟು, ಮಣ್ಣು ಎಳೀರಪ್ಪ ಎಂದರು.